ಒಲೆ ಆರಿಸಿ ಹೋದ ಕೊಲೆಗಾರ

ಆರ್ಡಿಸ್ ಟೊಲೆಫ್‌ಸನ್ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವಳು. ಯಾವ ಬಾಗಿಲಿಗೂ ತಲೆ ತಗ್ಗಿಸಿಯೇ ಒಳಬರಬೇಕಾದಂಥ ಆಳು. ಉತ್ತರ ಮಿನ್ನೆಸೋಟದ ನಮ್ಮೂರಿನಲ್ಲಿ ಅವಳ ದನಿ ಏರಿದ್ದನ್ನು ಕೇಳಿದವರಿರಲಿಲ್ಲ. ಭಾನುವಾರ ಚರ್ಚಿನ ಹಾಡುಗಾರರ ಹಿಂದಿನ ಸಾಲಿನಲ್ಲಿ ನಿಂತು ಮೆಲ್ಲಗೆ ಹಾಡಿ ಮನೆಗೆ ಹೋಗುತ್ತಿದ್ದಳು.

ಎಂಬತ್ಮೂರರ ಬೇಸಿಗೆಯಲ್ಲಿ, ಸರೋವರದಾಚೆ ಮುಚ್ಚಿಹೋಗಿದ್ದ ಮಕ್ಕಳ ಶಿಬಿರಕ್ಕೆ ಲಾಸ್ ಏಂಜಲೀಸ್‌ನಿಂದ ಸಿನಿಮಾದವರು ಬಂದಿಳಿದರು. ಶಾಲೆಗೆ ರಜೆಯಿದ್ದುದರಿಂದ ಅವರ ಊಟದ ಹೊಣೆ ಆರ್ಡಿಸ್‌ಳದಾಯಿತು. ಕಥೆ ಇಷ್ಟೇ: ಮುಖವಾಡದವನೊಬ್ಬ ಶಿಬಿರದ ಹುಡುಗ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಕೊಡಲಿಯಿಂದ ಕೊಲ್ಲುತ್ತಾನೆ. ಮುತ್ತಿಟ್ಟುಕೊಂಡವರು ಮೊದಲು ಸಾಯಬೇಕು. ಪುಸ್ತಕ ಓದುವವಳು ಬದುಕಬೇಕು. ಕೊಲೆಗಾರನ ಪಾತ್ರಕ್ಕೆಂದು ಕರೆತಂದಿದ್ದ ದಾಂಡಿಗ ಮಾತ್ರ ನಮ್ಮ ಸೊಳ್ಳೆಗಳಿಗೆ ಹೆದರಿ, ವಾರ ಕಳೆಯುವ ಮುಂಚೆಯೇ ಬಸ್ಸು ಹತ್ತಿದ.

ನಿರ್ದೇಶಕ ಬ್ಯಾರಿ ಝೆಲ್ನಿಕ್ ಇನ್ನೂ ಮೀಸೆ ನೆಟ್ಟಗೆ ಬಾರದವನು. ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ, ಊಟಕ್ಕೆ ಕರೆಯಲೆಂದು ಆರ್ಡಿಸ್ ಸೌಟು ಹಿಡಿದು ಬಾಗಿಲಲ್ಲಿ ನಿಂತಳು. ಬೆಳಕೆಲ್ಲ ಮುಚ್ಚಿಹೋಯಿತು. ಅವನು ತಲೆಯೆತ್ತಿ ನೋಡಿ ಕಿಟಾರನೆ ಕಿರುಚಿಕೊಂಡ. ಆಮೇಲೆ ಎದ್ದುಬಂದು, ಕೊಲೆಗಾರನ ಪಾತ್ರ ಮಾಡಬೇಕೆಂದು ಅವಳ ಕೈ ಹಿಡಿದು ಬೇಡಿಕೊಂಡ.

ಮಾತಿಲ್ಲ, ಮುಖ ಕಾಣುವುದಿಲ್ಲ, ನಡೆದರೆ ಸಾಕು ಎಂದ ಮೇಲೆ ಅವಳು ಒಪ್ಪಿದಳು. ಗಂಡ ಆರ್ವಿಲ್‌ನಿಗೆ ಹೇಳಲಿಲ್ಲ. ಹೇಳಿದರೆ ಊರಿಗೇ ಹೇಳಿದಂತೆ.

ಕಥೆಯ ನ್ಯಾಯ ಮಾತ್ರ ಅವಳ ತಲೆಗೆ ಹತ್ತಲೇ ಇಲ್ಲ.

"ಅಲ್ಲಪ್ಪಾ ಬ್ಯಾರಿ, ಬಾಗ್ಲು ತೆಗ್ದೇ ಇದೆಯಲ್ಲ, ಈ ಹುಡ್ಗಿ ಅಟ್ಟ ಯಾಕೆ ಹತ್ತುತ್ತೆ?"

"ಬಾಗ್ಲಿಂದ ಓಡೋದ್ರೆ ಸಿನ್ಮಾ ಮುಗ್ದೋಗುತ್ತಮ್ಮಾ."

"ಮುಗೀಲಿ ಬಿಡು. ಎಲ್ರೂ ಬಿಸಿಬಿಸಿ ಊಟ ಮಾಡ್ಬೋದು."

ಒದ್ದೆ ಬಟ್ಟೆಯಲ್ಲಿ ನಡುಗುತ್ತಿದ್ದ ಹುಡುಗಿಯರಿಗೆ ಸ್ವೆಟರ್ ಹೊದಿಸಿ, ಮತ್ತೆ ತೆಗೆಸಿಕೊಂಡು ಕೊಲ್ಲುತ್ತಿದ್ದಳು. ಅಡುಗೆಮನೆಯ ಕೊಲೆಯ ದಿನ ಒಲೆಯ ಮೇಲೆ ಹಾಲಿತ್ತು. ಹುಡುಗ ಸತ್ತುಬಿದ್ದ, ಹಾಲು ಉಕ್ಕಿತು. ಕೊಲೆಗಾರ ಒಲೆ ಆರಿಸಿ, ಕಟ್ಟೆ ಒರೆಸಿ, ಬಟ್ಟೆಯನ್ನು ಕೊಡವಿ ಮಡಚಿಟ್ಟು, ಕೊಡಲಿ ಹೆಗಲಿಗೇರಿಸಿಕೊಂಡು ಹೋದ. ಮತ್ತೊಮ್ಮೆ ತೆಗೆಯಲು ಫಿಲ್ಮ್ ಉಳಿದಿರಲಿಲ್ಲ.

ಸಿನಿಮಾ ನಮ್ಮೂರಿಗೆ ಬಂದದ್ದು ಹಿಮ ಬೀಳುವ ಹೊತ್ತಿಗೆ. ಪಾದ್ರಿ ಹೆಗ್‌ಸ್ಟಾಡ್ ಅದನ್ನು ನೋಡದೆಯೇ ಖಂಡಿಸಿದರು. ಮುಖವಾಡದವನು ಸೈತಾನನ ಮಗನೆಂದು ಸಾರಿದರು. ಹಿಂದಿನ ಸಾಲಿನಿಂದ ಆರ್ಡಿಸ್ ಕೂಡ ಆಮೆನ್ ಎಂದಳು. ಜಾಹೀರಾತಿಗೆ ಅಷ್ಟು ಸಾಕಾಯಿತು. ಶನಿವಾರ ಊರೆಲ್ಲ ಥಿಯೇಟರಿನಲ್ಲಿತ್ತು. ಸರೋವರ ಹೇಗೆ ಕಾಣುತ್ತದೋ ನೋಡೋಣವೆಂದು ಆರ್ವಿಲ್ ಹೆಂಡತಿಯನ್ನೂ ಎಳೆದುಕೊಂಡು ಹೋಗಿದ್ದ.

ಮೊದಲ ಕೊಲೆಗೇ ಅವನು ಅವಳ ತೋಳು ಹಿಡಿದು ಕಣ್ಣು ಮುಚ್ಚಿಕೊಂಡ. ಅಡುಗೆಮನೆಯ ಹೊತ್ತಿಗೆ ಒಂದು ಕಣ್ಣು ತೆರೆದಿದ್ದ. ಕೊಲೆಗಾರ ಬಟ್ಟೆ ಕೊಡವಿದ್ದೇ ತಡ, ಆರ್ವಿಲ್ ಎದ್ದು ನಿಂತ.

"ಲೇ, ಇದು ನಮ್ಮ ಆರ್ಡಿಸ್ ಅಲ್ವೇನ್ರೋ?"

ತಲೆಗಳೆಲ್ಲ ಅವಳತ್ತ ತಿರುಗಿದವು. ಕೈಯಲ್ಲಿದ್ದ ಪಾಪ್‌ಕಾರ್ನ್ ಎಲ್ಲಿ ಬಚ್ಚಿಡುವುದೆಂದು ಅವಳಿಗೆ ತೋಚಲಿಲ್ಲ.

"ಕೂತ್ಕೊಳ್ರಿ, ಹಿಂದಿನೋರಿಗೆ ಕಾಣಲ್ಲ" ಎಂದಳು.

ಸೋಮವಾರ ಪಾದ್ರಿಗಳೇ ಮನೆಗೆ ಬಂದರು. ಕುರ್ಚಿಯ ಅಂಚಿನಲ್ಲಿ ಕೂತು ಕಾಫಿ ಕುಡಿದರು, ಹಿಮದ ಮಾತಾಡಿದರು, ಮತ್ತೊಮ್ಮೆ ಹಿಮದ ಮಾತಾಡಿದರು. ಕೊನೆಗೆ ವಿಷಯಕ್ಕೆ ಬಂದರು: ಬೈಬಲ್ ತರಗತಿಯಲ್ಲಿ ಹರೆಯದವರ ಗಲಾಟೆ ಮಿತಿಮೀರಿದೆ, ಬಾಗಿಲ ಹತ್ತಿರ ಅವಳು ಸುಮ್ಮನೆ ಬಂದು ನಿಂತರೆ ಸಾಕು.

"ಸೈತಾನನ ಮಗನ್ನ ಕರೀತಿದೀರಲ್ಲ ಪಾದ್ರಿಗಳೇ?"

"ನಾನು ಮಗ ಅಂದಿದ್ದೆ ಆರ್ಡಿಸಮ್ಮಾ. ಮಗಳು ಅಂದಿರ್ಲಿಲ್ಲ."

ಅವಳು ಹೋಗಿ ನಿಂತಳು. ಆ ಚಳಿಗಾಲ ನಮ್ಮೂರ ಹುಡುಗರಿಗೆ ಬಾಯಿಪಾಠವಾದಷ್ಟು ಬೈಬಲ್ ಮತ್ತೆಂದೂ ಆಗಿಲ್ಲ.

ಸಿನಿಮಾ ಚೆನ್ನಾಗಿ ಓಡಿತು. ವಸಂತದಲ್ಲಿ ಬ್ಯಾರಿ ಎರಡನೇ ಭಾಗಕ್ಕೆ ಬಂದ. ಮೊದಲ ಭಾಗದ ಕೊನೆಗೆ ಸರೋವರದಲ್ಲಿ ಮುಳುಗಿ ಸತ್ತ ಕೊಲೆಗಾರ ಹೇಗೆ ಎದ್ದುಬಂದ ಎಂದು ಕೇಳುವ ಗೋಜಿಗೆ ಆರ್ಡಿಸ್ ಈ ಸಲ ಹೋಗಲಿಲ್ಲ. ಆದರೆ ಸಾಯುವವರ ಪಾತ್ರಕ್ಕೆ ಊರವರನ್ನೇ ತೆಗೆದುಕೊಳ್ಳುತ್ತಾರೆಂದು ತಿಳಿದದ್ದೇ, ಚರ್ಚಿನ ಮಹಿಳಾ ಸಂಘ ಇಡಿಯಾಗಿ ಬಂದು ಸಾಲುಗಟ್ಟಿತು. ಸಂಘದ ಅಧ್ಯಕ್ಷೆ ಇಂಗಾ ಬ್ರಾಟನ್, ಹಿರಿತನದ ಪ್ರಕಾರ ಮೊದಲ ಕೊಲೆ ತನ್ನದೇ ಆಗಬೇಕೆಂದು ಪಟ್ಟು ಹಿಡಿದಳು. ಬ್ಯಾರಿ ಅವಳನ್ನು ಎರಡನೆಯವಳಾಗಿ ಕೊಲ್ಲಿಸಿದ. ಆಕೆ ಇವತ್ತಿಗೂ ಆರ್ಡಿಸ್ ಜೊತೆ ಮಾತು ಬಿಟ್ಟಿದ್ದಾಳೆ.