ಮರಿ ಎತ್ಕೊಂಡು ನಡದಾಕಿ

ನನ್ನ ಮಗಳು ಈಗ ಆರನೇ ಕ್ಲಾಸು. ಆಕಿಗೆ ಅಂಜುಬುರುಕಿ ಅಂತ ಹೆಸರಿಟ್ಟಾಕಿನೂ ನಾನ, ಇವತ್ತ ಎದಿ ಉಬ್ಬಿಸ್ಕೊಂಡು ಆಕಿ ಸುದ್ದಿ ಹೇಳಾಕ ಕುಂತಾಕಿನೂ ನಾನರಿ.

ಮೊದಲ ಸಲ ಕೃಷ್ಣಾ ಹೊಳಿ ಊರಾಗ ಹೊಕ್ಕಾಗ ಆಕಿ ಇನ್ನೂ ಸಣ್ಣಾಕಿ. ಊರ ಸಾಲೀನೇ ಗಂಜಿ ಕೇಂದ್ರ ಆತು. ತಾನು ಅಕ್ಷರ ಕಲ್ತ ಖೋಲ್ಯಾಗ ನಾಕು ಮನಿಯವ್ರ ಜೋಡಿ ಮಲಗಿದ್ಲು. ಪಾಟಿ, ಪುಸ್ತಕ ಎಲ್ಲಾ ಹೊಳಿ ಪಾಲು. ಆಮ್ಯಾಲೆ ತಗಡಿನ ಮ್ಯಾಲ ಮಳಿ ಸಪ್ಪಳಾದ್ರ ಸಾಕು, ಉಣ್ಣೂದು ಬಿಟ್ಟು ನನ್ನ ಸೆರಗು ಹಿಡೀತಿದ್ಲು. "ಹೊಳಿ ಏನ್ ನಿನ್ನ ನುಂಗ್ತದೇನ?" ಅಂತ ಬೈತಿದ್ದೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ.

ಹೋದ ವರ್ಷ ಹೊಳಿದಂಡಿ ಹೊಲದಾಗ ಕುರಿ ಹಟ್ಟಿ ಹಾಕಿದ್ವಿ. ನಮ್ಮನಿಯವ್ರು ಟಗರು ಮಾರಾಕ ಶಹಾಪುರ ಸಂತಿಗೆ ಹೋಗಿದ್ರು. ಮಧ್ಯಾಹ್ನ ಮಗಳು ಸಾಲಿಂದ ಓಡಿ ಬಂದ್ಲು. "ಅವ್ವಾ, ಡ್ಯಾಮಿನ ನೀರು ಬಿಟ್ಟಾರಂತ, ಆಟೋದಾಗ ಮೈಕ್ ಹಚ್ಚಿ ಸಾರಾಕತ್ತಾರ, ಏಳು!"

ನಾ ಮುಗಲು ನೋಡಿದೆ. ರಣರಣ ಬಿಸಲು, ಒಂದು ಮೋಡ ಇಲ್ಲ. "ಹುಚ್ಚಿ, ಮಳಿ ಇಲ್ದ ಹೊಳಿ ಬರ್ತದೇನ? ನಮ್ಮಪ್ಪನ ಕಾಲದಿಂದ ಮುಗಲು ನೋಡೇ ಹಟ್ಟಿ ಕಿತ್ತೇವಿ" ಅಂದೆ. ಈಗಿನ ಮಳಿ ಎಲ್ಲೋ ದೂರ ಒಮ್ಮಿಗೇ ಸುರೀತದ, ಹೊಳಿ ಇಲ್ಲಿ ಏರ್ತದ. ಸಾಲಿ ಹುಡುಗಿಗೆ ತಿಳಿದಿದ್ದು ನನಗ ತಿಳೀಲಿಲ್ಲ.

ಆಕಿ ಮಾತು ಬೆಳಸ್ಲಿಲ್ಲ. ಹಿಂಡಿನ ಮುಂದ ನಡ್ಯೋ ಕುರಿ ಆಗಷ್ಟ ಈದಿತ್ತು. ಹಟ್ಟಿ ಸುತ್ತ ಕಟ್ಟಿದ್ದ ಬಲಿ ಬಿಚ್ಚಿ, ಅದರ ಮರೀನ ಅವಚ್ಕೊಂಡು ದಿಬ್ಬದ ಕಡೆ ನಡದೇಬಿಟ್ಲು. ಮರಿ ಎತ್ತಿದ್ರ ತಾಯಿ ಬೆನ್ನ ಹತ್ತತದ, ತಾಯಿ ಹಿಂದ ಹಿಂಡು. ಕುರಿ ಕಾಯೋರ ಮನಿಯಾಗ ಇದು ಕೂಸಿಗೂ ಗೊತ್ತು. "ನಿಂದ್ರಲೇ, ಕಾಲು ಮುರೀತೀನಿ!" ಅಂತ ಬಡಿಗಿ ಹಿಡ್ಕೊಂಡು, ಒದರಕೋತ ನಾನೂ ಓಡಿದೆ.

ದಿಬ್ಬದ ಮ್ಯಾಲ ಕುಂತಾಕಿ "ಮರಿ ಕೊಡಲೇ" ಅಂದ್ರ ಕೊಡವಲ್ಲಳು. ಎರಡೇಟು ಹಾಕಿದೆ, ಆದ್ರೂ ಬಿಡ್ಲಿಲ್ಲ. ಹೊತ್ತು ಮುಳುಗೂದ್ರಾಗ ಹಟ್ಟಿ ಇದ್ದಲ್ಲಿ ಕೆನ್ನೀರು ಹರಿಯಾಕತ್ತಿತ್ತು. ನನ್ನ ಕೈಯಾಗಿನ ಬಡಿಗಿ ಬಿದ್ದೇಹೋತು.

ಮರುದಿನ ಊರವ್ರೆಲ್ಲ ಬಂದು, "ಭೇಷ್ ಮಗಳ, ಹಿಂಡು ಉಳಿಸಿದಿ" ಅಂದ್ರು. ಅವರಪ್ಪ ಹೆಗಲ ಮ್ಯಾಲ ಕುಂದ್ರಿಸ್ಕೊಂಡು ಓಣಿ ತುಂಬ ತಿರುಗಿದ್ರು. ನಾ ಆಕಿ ಗದ್ದ ಹಿಡದು, "ಕುರಿ ಮ್ಯಾಲ ಅಷ್ಟು ಜೀವೇನ ನಿನಗ?" ಅಂದೆ.

"ಕುರಿ ಹೆಂಗೂ ಬರ್ತಿದ್ವು ಬಿಡವ್ವಾ" ಅಂದ್ಲು. "ನೀ ಬಡ್ಯಾಕಾದ್ರೂ ನನ್ನ ಬೆನ್ನ ಹತ್ತಿ ಬರ್ಲಿ ಅಂತ ಹೋದೆ."