ಬೋರಿನೊಳಗಿನ ಅರ್ಧಚಂದ್ರ

ಬೋರ್‌ವೆಲ್ ಕೊರೆಯುವ ಮೇಸ್ತ್ರಿಯ ಬಲಗೈ ಲಿವರಿನಲ್ಲಿದ್ದರೆ ಎಡ ಅಂಗೈ ಸದಾ ಯಂತ್ರದ ಕಂಬದ ಮೇಲೆ. ಕಂಪ್ರೆಸರಿನ ಸದ್ದಿಗೆ ಅವರ ಕಿವಿ ಎಂದೋ ಮಂದವಾಗಿತ್ತು. ನೆಲದಡಿಯ ಸುದ್ದಿಯೆಲ್ಲ ಆ ಅಂಗೈಗೇ ಬರುತ್ತಿತ್ತು. ಜೇಬಿನಲ್ಲೊಂದು ದುಂಡು ಕನ್ನಡಿ. ಚಂದ ನೋಡಿಕೊಳ್ಳಲಿಕ್ಕಲ್ಲ, ಆ ಮುಖಕ್ಕೆ ಅದರಿಂದ ಪ್ರಯೋಜನವೂ ಇರಲಿಲ್ಲ! ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಬೋರಿನೊಳಗೆ ಬಿಟ್ಟು ಇಣುಕುತ್ತಿದ್ದರು. ತಳದ ಬೆಳಕು ದೋಸೆಯ ಹಾಗೆ ದುಂಡಗೆ ಕಂಡರೆ ಬೋರು ನೇರ. ಅರ್ಧಚಂದ್ರ ಕಂಡರೆ ಓರೆ.

ನಾನು ಉಡುಪಿಯಲ್ಲಿ ಪಂಪಿನ ಕೆಲಸದವನು. ಅವರು ಕೊರೆದಲ್ಲಿ ನಾನು ಪಂಪ್ ಇಳಿಸಬೇಕು. ಓರೆ ಬೋರಿನಲ್ಲಿ ಪಂಪ್ ಸಿಕ್ಕಿಕೊಂಡರೆ ನನ್ನ ಕಥೆ ಮುಗಿಯಿತು. ಬಜಗೋಳಿಯಿಂದ ಕಾಪುವಿನವರೆಗೆ "ಅವರದ್ದು ಓರೆ ಹೋಗುವುದಿಲ್ಲ" ಎಂಬ ಮಾತಿತ್ತು. ಆ ಮಾತೇ ಅವರ ಆಸ್ತಿ.

ಇನ್ನಂಜೆಯ ನಿವೃತ್ತ ಟೀಚರೊಬ್ಬರ ಬಾವಿನೀರು ಉಪ್ಪಾಗಿತ್ತು. ಕೊಡ ಹಿಡಿದು ಪಕ್ಕದ ಮನೆಗೆ ನಡೆದು ಅವರಿಗೆ ಸಾಕಾಗಿತ್ತು. ಅಲ್ಲಿ ಕೊರೆಯುವಾಗ ನಾನೂ ಜೊತೆಗಿದ್ದೆ. ಮುರಕಲ್ಲು, ಜೇಡಿಮಣ್ಣು ದಾಟಿ ಕೊರೆಯುವ ಬಿಟ್ ಇಳಿಜಾರು ಕರಿಬಂಡೆಗೆ ತಾಗಿತು. ಮೇಸ್ತ್ರಿ ಒತ್ತಡ ಇಳಿಸಿದರು.

"ಬಿಟ್ ಮೊದಲು ಕಲ್ಲಿನಲ್ಲಿ ಕೂತ್ಕೊಳ್ಳಲಿ, ಮತ್ತೆ ಒತ್ತುವ. ಈಗಲೇ ಒತ್ತಿದರೆ ಜಾರಿ ಓರೆ ಹೋಗ್ತದೆ. ಎಂತ ಅವಸರ ಮಾರಾಯ?"

ಲಿವರ್ ನನ್ನ ಕೈಗೆ ಕೊಟ್ಟು, "ಹೀಗೇ ಇರಲಿ" ಎಂದು ಮುಖ ತೊಳೆಯಲು ಹೋದರು. ಟೀಚರ್ ಮೂರನೇ ಸಲ "ನೀರು ಬಂತಾ?" ಎಂದು ಕೇಳಿದರು. ನಾನೆಂಬ ಮಹಾಶಯ ಒತ್ತಿಯೇಬಿಟ್ಟೆ.

ಮೇಸ್ತ್ರಿ ಬಂದವರೇ ಕಂಬ ಮುಟ್ಟಿದರು, ಯಂತ್ರ ನಿಲ್ಲಿಸಿದರು. ರಾಡುಗಳನ್ನೆಲ್ಲ ಮೇಲೆತ್ತಿ ಕನ್ನಡಿ ಹಿಡಿದರು. ಅರ್ಧಚಂದ್ರ! ಒಮ್ಮೆ ನನ್ನ ಕೈ ನೋಡಿದರು.

"ಎಂತ ಆಯ್ತು?" ಎಂದರು ಟೀಚರ್.

"ಓರೆ ಹೋಯ್ತು ಟೀಚರ್ರೇ. ನನ್ನ ಕೈ ತಪ್ಪಿತು. ಇದನ್ನು ಮುಚ್ಚಿ ಆಚೆ ಇನ್ನೊಂದು ಕೊರೆದು ಕೊಡ್ತೇನೆ."

ನಾನು ಬಾಯಿ ಬಿಡಲಿಲ್ಲ. ಥೂ, ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ. ಮರುದಿನ ಹೊಸ ಬೋರಿನಲ್ಲಿ ಸಿಹಿನೀರು ಚಿಮ್ಮಿತು. ಹಿಂದಿರುಗಿ ಬರುವಾಗ ಮೇಸ್ತ್ರಿಗೆ ತಪ್ಪಾಯಿತೆಂದು ಹೇಳಹೊರಟೆ. ಅವರು ಕೇಳಿದ್ದಿಷ್ಟೆ: "ಲಿವರ್ ಕೊಟ್ಟದ್ದು ನಾನಲ್ವಾ?"

ಕಳೆದ ವರ್ಷ ಮೇಸ್ತ್ರಿ ತೀರಿಕೊಂಡರು. ಮೊನ್ನೆ ಟೀಚರ್ ಮನೆಯ ಪಂಪ್ ರಿಪೇರಿಗೆ ಹೋಗಿದ್ದೆ. ಚಹಾ ಕೊಡುತ್ತಾ, "ಪಾಪ, ಒಳ್ಳೆಯ ಜನ. ನಮ್ಮಲ್ಲಿ ಮಾತ್ರ ಒಂದು ಸಲ ಅವರ ಕೈ ತಪ್ಪಿತು ನೋಡಿ" ಎಂದರು.

ಲೋಟ ಕೆಳಗಿಟ್ಟೆ.

"ಅದು ಅವರ ಕೈಯಲ್ಲ ಟೀಚರ್ರೇ," ಎಂದೆ, "ನನ್ನದು."