ಯುದಿತಾಳ ಎರಡೂ ಕಾಲು ನೆಲ ಬಿಟ್ಟ ಗಳಿಗೆ

ನನ್ನ ತಂಗಿ ಯುದಿತಾ ನಡೆಯುವವಳು, ಓಡುವವಳಲ್ಲ. ಇದನ್ನು ನಮ್ಮ ಅಲಿತುಸ್ ಊರಿನವರಿಗೆ ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ಬಾಸ್ಕೆಟ್‌ಬಾಲ್ ಬಿಟ್ಟರೆ ಬೇರೆ ಆಟದ ಕಡೆ ಕತ್ತೆತ್ತಿಯೂ ನೋಡದ ನಾಡು ನಮ್ಮದು. ಸೊಂಟ ತಿರುಗಿಸುತ್ತ ಬಿರಬಿರನೆ ನಡೆಯುವ ಹೆಂಗಸನ್ನು ಕಂಡರೆ ಲಾರಿಯವರು ಹಾರ್ನ್ ಹೊಡೆದು ನಗುತ್ತಿದ್ದರು. ನನ್ನ ಟೈರ್ ಅಂಗಡಿಯ ಮುಂದೆಯೇ ಒಬ್ಬ ಹಾಗೆ ನಕ್ಕ. "ಏನಮ್ಮಾ, ಅರ್ಜೆಂಟಾ? ಓಡೋಗ್ಬಾರ್ದಾ?" ಎಂದ. ಅವನ ಗಾಡಿಯ ಚಕ್ರ ಬಿಚ್ಚಿದ್ದವನು ಹಾಗೇ ಬಿಟ್ಟು ಊಟಕ್ಕೆ ಹೋದೆ. ಸಂಜೆಯವರೆಗೂ ಕಾದ, ಬಡ್ಡಿಮಗ.

ಬಿರುಸಿನ ನಡಿಗೆಯ ಈ ಪಂದ್ಯಕ್ಕೆ ಎರಡೇ ಕಟ್ಟಳೆ. ಯಾವಾಗಲೂ ಒಂದು ಕಾಲು ನೆಲದ ಮೇಲಿರಬೇಕು. ಇರಬೇಕು ಎಂದರೆ, ತೀರ್ಪುಗಾರರ ಬರಿಗಣ್ಣಿಗೆ ಹಾಗೆ ಕಾಣಬೇಕು. ಇನ್ನೊಂದು, ಮುಂದಿಟ್ಟ ಕಾಲು ನೆಲ ಮುಟ್ಟುವಾಗ ಮಂಡಿ ನೆಟ್ಟಗಿರಬೇಕು, ಬಾಗಬಾರದು. ದಾರಿಯುದ್ದಕ್ಕೂ ತೀರ್ಪುಗಾರರು ನಿಂತಿರುತ್ತಾರೆ. ಅವರಲ್ಲಿ ಮೂವರು ಕೆಂಪು ಚೀಟಿ ಕೊಟ್ಟರೆ ಮನೆಗೆ ನಡಿ.

ಯುದಿತಾ ಬೆಳಗಿನ ಪಾಳಿಯಲ್ಲಿ ಚೀಸ್ ಕಾರ್ಖಾನೆಯಲ್ಲಿ ನಿಲ್ಲುತ್ತಿದ್ದಳು, ಮಧ್ಯಾಹ್ನ ನೆಮುನಾಸ್ ನದಿ ಪಕ್ಕದ ರಸ್ತೆಯಲ್ಲಿ ನಡೆಯುತ್ತಿದ್ದಳು. ಮದುವೆ ಒಂದು ಆಯಿತು, ಮುರಿಯಿತು. ಗಂಡ ಹೋದ ದಿನವೂ ನಡೆದಳು. ಇಷ್ಟು ವರ್ಷ ದುಡಿದರೂ ದೇಶದ ಅಂಗಿ ಮಾತ್ರ ಅವಳ ಮೈಮೇಲೆ ಬರಲಿಲ್ಲ. ಯಾವಾಗಲೂ ಆಯ್ಕೆಯಾದವರ ಹಿಂದಿನವಳೇ ಆಗಿದ್ದಳು. ಮೂವತ್ತೇಳು ತುಂಬಿದ ವರ್ಷ ಅದೃಷ್ಟ ತಿರುಗಿತು. ಚಳಿಗಾಲದ ಪಂದ್ಯದಲ್ಲಿ ಎರಡನೆಯವಳಾಗಿ ಬಂದಳು. ಜೂನ್‌ನಲ್ಲಿ ನಮ್ಮೂರಲ್ಲೇ ನಡೆಯುವ ರಾಷ್ಟ್ರೀಯ ಪಂದ್ಯದಲ್ಲೂ ಮೊದಲ ಇಬ್ಬರಲ್ಲಿ ಬಂದರೆ ಯೂರೋಪಿನ ಪಂದ್ಯಕ್ಕೆ ಕಳಿಸುತ್ತಾರೆ. ಮುಂದಿನ ವರ್ಷ ಆ ವಯಸ್ಸಿನವಳನ್ನು ಯಾರೂ ಮೂಸಿ ನೋಡುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅಷ್ಟರಲ್ಲಿ ಎರಿಕಾಸ್ ಬಂದ. ಬಾಸ್ಕೆಟ್‌ಬಾಲ್ ಪಂದ್ಯಗಳಿಗೆ ನಿಧಾನಗತಿಯ ಚಿತ್ರ ತೆಗೆಯುವವನು. ಚೆಂಡು ಬುಟ್ಟಿಯ ಅಂಚಿನಲ್ಲಿ ಸುತ್ತಿ ಒಳಗೆ ಬೀಳುವುದನ್ನು ಟಿವಿಯಲ್ಲಿ ಕಾಣುತ್ತೀರಲ್ಲ, ಅಂಥ ಚಿತ್ರ. ಅವನ ಹೊಸ ಕ್ಯಾಮೆರಾ ಕಣ್ಣು ಮಿಟುಕಿಸುವುದರೊಳಗೆ ನೂರಾರು ಚಿತ್ರ ನುಂಗುತ್ತಿತ್ತು. ಪಂದ್ಯದ ಜಾಹೀರಾತಿಗೆಂದು ನಗರಸಭೆಯವರು ಅವನನ್ನು ನಡೆಯುವವರ ಹಿಂದೆ ಬಿಟ್ಟರು. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎರಡು ಬಾರಿಸಿ ಕಳಿಸಬಹುದಿತ್ತು.

ಒಂದು ಭಾನುವಾರ ಯುದಿತಾಳ ಅಡುಗೆಮನೆಯಲ್ಲಿ ಬೀಟ್‌ರೂಟಿನ ತಣ್ಣನೆ ಸಾರು, ಬಿಸಿ ಆಲೂಗಡ್ಡೆ ತಿನ್ನುತ್ತಿದ್ದೆವು. ಎರಿಕಾಸ್ ಲ್ಯಾಪ್‌ಟಾಪ್ ಬಿಚ್ಚಿದ.

"ನೋಡು ಯುದಿತಾ, ಹಾರ್ತಿದೀಯ ನೀನು!" ಎಂದ, ಹೊಗಳುವ ಹಾಗೆ.

ನೋಡಿದೆವು. ಜೇನಿನಲ್ಲಿ ಮುಳುಗಿದವಳ ಹಾಗೆ ನಿಧಾನಕ್ಕೆ ಅವಳು ನಡೆಯುತ್ತಿದ್ದಳು. ಹಿಂದಿನ ಕಾಲಿನ ಬೆರಳು ನೆಲ ಬಿಟ್ಟಿತು. ಮುಂದಿನ ಹಿಮ್ಮಡಿ ಇನ್ನೂ ಇಳಿದಿರಲಿಲ್ಲ. ಎರಡರ ಕೆಳಗೂ ಒಂದು ಬ್ರೆಡ್ಡಿನ ಹೋಳು ತೂರಿಸುವಷ್ಟು ಬೆಳಕು ಕಾಣುತ್ತಿತ್ತು.

ಯುದಿತಾ ಚಮಚ ಕೆಳಗಿಟ್ಟಳು. "ಎಲ್ರೂ ಹಿಂಗೇನಾ?"

"ಎಲ್ರೂ! ಚಳಿಗಾಲದಲ್ಲಿ ನಿನ್ನ ಮುಂದೆ ಬಂದ ಆ ಇಂಗ್ರಿದಾ ಇದಾಳಲ್ಲ, ನಿನ್ನ ಎರಡರಷ್ಟು ಮೇಲಕ್ ಹೋಗ್ತಾಳೆ. ತೋರಿಸ್ಲಾ?"

"ಬೇಡ. ನಂದೇ ಇನ್ನೊಂದ್ಸಲ ಹಾಕು."

"ಸಾರು ಕುಡಿಯೇ," ಎಂದೆ ನಾನು. "ಯಾರ ಕಣ್ಣಿಗೆ ಕಾಣುತ್ತೆ ಇದು?"

"ನನ್ನ ಕಣ್ಣಿಗೆ ಕಂಡ್ತಲ್ಲ," ಎಂದಳು.

ಆ ಚಿತ್ರವನ್ನು ಫೋನಿಗೆ ಹಾಕಿಸಿಕೊಂಡಳು. ಕಾರ್ಖಾನೆಯ ಬಿಡುವಿನಲ್ಲಿ ನೋಡುತ್ತಿದ್ದಳಂತೆ, ಬಸ್ಸಿನಲ್ಲಿಯೂ ನೋಡುತ್ತಿದ್ದಳಂತೆ. ನಗುವ ಲಾರಿಯವರಿಗೆಲ್ಲ "ನಂದು ಒಂದು ಕಾಲು ಯಾವಾಗ್ಲೂ ನೆಲದ ಮೇಲೇ ಇರುತ್ತೆ ಕಣ್ರೋ" ಎಂದು ಎದೆಯುಬ್ಬಿಸಿ ಹೇಳಿದವಳು ಅವಳು. ಇಷ್ಟು ವರ್ಷ ಸುಳ್ಳು ಹೇಳಿದೆನಲ್ಲ ಎಂಬುದು ತಲೆಗೆ ಹೊಕ್ಕಿತು. ಹೆಜ್ಜೆ ಮೊಟಕು ಮಾಡಿದಳು. ಕಾಲು ಮುಂದೆ ಚಾಚುವ ಬದಲು, ಅಂಜುತ್ತ ಅಂಜುತ್ತ ಕೆಳಗೆ ಇಡಲು ಶುರುಮಾಡಿದಳು.

ಅವಳಿಗೆ ಕಲಿಸುವವನು ಜಿಗ್ಮಾಸ್, ಕುಡುಕ ಮುದುಕ. ಬೆನ್ನು ತಿರುಗಿಸಿ ನಿಂತು ಬರೀ ಕಾಲಿನ ಸದ್ದು ಕೇಳುವುದು ಅವನ ರೀತಿ. ಒಂದು ಮಧ್ಯಾಹ್ನ ತಿರುಗಿ ಕೂಗಿದ.

"ಏನೇ ಇದು, ಮೊಟ್ಟೆ ಮೇಲೆ ನಡೀತಿದೀಯಾ?"

"ಹಾರ್ಬಾರ್ದು ಅಂತ."

"ಲೇ ಹುಡುಗಿ, ತೀರ್ಪುಗಾರರ ತಲೇಲಿ ಇರೋದು ಕಣ್ಣು ಕಣೇ, ಕ್ಯಾಮೆರಾ ಅಲ್ಲ. ದೇವ್ರು ಕೂಡ ಅಷ್ಟು ನಿಧಾನವಾಗಿ ನೋಡಲ್ಲ. ಇಂಗ್ರಿದಾ ಹಾರ್ತಾಳೆ, ನಾನೂ ಹಾರ್ದೆ, ಎಲ್ರೂ ಹಾರಿದ್ದೇ."

"ನೀವು ಹಾರಿದ್ದನ್ನ ನೀವು ನೋಡಿಲ್ಲ ಜಿಗ್ಮಾಸ್. ನಾನು ನೋಡ್ಬಿಟ್ಟಿದೀನಿ."

ಮುದುಕ ಥೂ ಎಂದು ಉಗಿದು ಸಿಗರೇಟು ಹಚ್ಚಿದ. ನಾನೂ ಬೈದೆ. ಫೋನು ಕಿತ್ತುಕೊಳ್ಳಲು ಹೋದೆ. ಅವಳು ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

ಪಂದ್ಯದ ದಿನ ಬಿಸಿಲು ಸುಡುತ್ತಿತ್ತು. ಉದ್ಯಾನದ ಸುತ್ತಿನ ರಸ್ತೆಯಲ್ಲಿ ಸುತ್ತು ಹಾಕುವುದು. ಕೆಂಪು ಚೀಟಿಗಳನ್ನು ಗುರುತು ಹಾಕುವ ಹಲಗೆಯ ಬಳಿಯೇ ನಾನು ನಿಂತೆ. ಅರ್ಧ ದಾರಿಯವರೆಗೂ ಯುದಿತಾ ಎರಡನೆಯವಳಾಗಿ, ಇಂಗ್ರಿದಾಳ ಬೆನ್ನಿಗಂಟಿಕೊಂಡೇ ಇದ್ದಳು. ಆಮೇಲೆ ಹಲಗೆಯ ಮೇಲೆ ಅವಳ ಅಂಕೆಯ ಮುಂದೆ ಒಂದು ಕೆಂಪು ಚುಕ್ಕೆ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಪಕ್ಕದಲ್ಲಿ ಬಾಗಿದ ಮಂಡಿಯ ಗುರುತು. ಹಾರಿದ್ದಕ್ಕಲ್ಲ! ಹಾರಬಾರದೆಂದು ಮೆತ್ತಗೆ ಇಟ್ಟ ಕಾಲು ಮಂಡಿಯಲ್ಲಿ ಬಾಗುತ್ತಿತ್ತು. ಅದು ಬರಿಗಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು.

"ಕಾಲು ಚಾಚೇ! ಹಾರೇ ಮಾರಾಯ್ತಿ, ಹಾರು!" ಎಂದು ಗಂಟಲು ಹರಿಯುವಂತೆ ಕೂಗಿದೆ. ತಿರುವಿನಲ್ಲಿ ನಿಂತಿದ್ದ ತೀರ್ಪುಗಾರ ನನ್ನನ್ನು ದುರುಗುಟ್ಟಿ ನೋಡಿದ. "ಇಲ್ಯಾಕ್ ನೋಡ್ತೀಯ, ನಿನ್ನ ಮಂಡಿ ನೋಡ್ಕೋ ಹೋಗಯ್ಯಾ" ಎಂದೆ. ಇಬ್ಬರು ಬಂದು ನನ್ನನ್ನು ಹಗ್ಗದಾಚೆ ತಳ್ಳಿದರು.

ಅಲ್ಲಿಂದಲೇ ಕಂಡೆ, ಮೂರನೆಯ ಚುಕ್ಕೆಯೂ ಬಿತ್ತು. ಮುಖ್ಯ ತೀರ್ಪುಗಾರ್ತಿ ಅವಳೆದುರು ಕೆಂಪು ಕೈಫಲಕ ಹಿಡಿದಳು. ಯುದಿತಾ ಎದೆಯ ಮೇಲಿನ ಅಂಕೆ ಬಿಚ್ಚಿ ಕೈಯಲ್ಲಿ ಹಿಡಿದು, ದಾರಿ ಬಿಟ್ಟು ಹುಲ್ಲಿನ ಮೇಲೆ ಕುಳಿತಳು. ಇಂಗ್ರಿದಾ ಮತ್ತು ಕೌನಾಸ್ ಊರಿನ ಒಬ್ಬ ಹುಡುಗಿ ಗೆದ್ದರು.

ಎಲ್ಲ ಮುಗಿದ ಮೇಲೆ ಎರಿಕಾಸ್ ಓಡುತ್ತ ಬಂದ. ಕುತ್ತಿಗೆಯಲ್ಲಿ ಕ್ಯಾಮೆರಾ ನೇತಾಡುತ್ತಿತ್ತು.

"ಯುದಿತಾ, ಇಲ್ನೋಡು! ಇವತ್ತು ನಿನ್ನ ಕಾಲು ಒಂದ್ಸಲನೂ ನೆಲ ಬಿಟ್ಟಿಲ್ಲ. ಇಂಗ್ರಿದಾ ಹಾರವ್ಳೆ, ಕೌನಾಸಿನವಳೂ ಹಾರವ್ಳೆ. ಇಡೀ ಪಂದ್ಯದಲ್ಲಿ ನಿಜವಾಗ್ಲೂ ನಡೆದೋಳು ನೀನೊಬ್ಳೇ!"

ಆ ಕ್ಯಾಮೆರಾದ ಪಟ್ಟಿ ಹಿಡಿದು ಎಳೆದೆ. ನೆಮುನಾಸ್ ಹತ್ತಿರವೇ ಇತ್ತು. ಎರಿಕಾಸ್ ಕುರಿಮರಿಯ ಹಾಗೆ ಕುತ್ತಿಗೆ ಕೊಟ್ಟುಕೊಂಡು ಹಿಂದೆ ಬಂದ.

"ಬಿಡು ಎವಾಲ್ದಾಸ್," ಎಂದಳು ಯುದಿತಾ ನನಗೆ. "ಅದನ್ನ ನದಿಗೆ ಹಾಕಿದ್ರೆ ನಾನು ನೋಡಿದ್ದು ಹೋಗುತ್ತಾ?"

"ದೂರು ಕೊಡೋಣ. ಈ ಚಿತ್ರ ತೋರ್ಸೋಣ!"

"ಕ್ಯಾಮೆರಾ ಸಾಕ್ಷಿಗೆ ಬರಲ್ಲ. ಕಟ್ಟಳೆ ಹಾಗಿದೆ." ಎದ್ದು ಹುಲ್ಲು ಕೊಡವಿಕೊಂಡಳು. "ನಾಳೆ ಬೆಳಗಿನ ಪಾಳಿ ಇದೆ. ವ್ಯಾನ್ ತೆಗಿ."

ಅಂದಿನಿಂದ ಅವಳು ನಡೆದಿಲ್ಲ. ಅಂಗಡಿಗೆ ಹೋಗುವಾಗ ಎಲ್ಲ ಹೆಂಗಸರ ಹಾಗೆ ಚೀಲ ಹಿಡಿದು ಹೋಗುತ್ತಾಳಲ್ಲ, ಅದನ್ನು ನಾನು ನಡಿಗೆ ಎನ್ನುವುದಿಲ್ಲ. ಬೆಳಿಗ್ಗೆ ಕಾರ್ಖಾನೆಗೆ ನನ್ನ ವ್ಯಾನಿನಲ್ಲೇ ಬರುತ್ತಾಳೆ. ನದಿ ಪಕ್ಕದ ರಸ್ತೆಯಲ್ಲಿ ಯಾರಾದರೂ ಸೊಂಟ ತಿರುಗಿಸುತ್ತ ಎದುರು ಬಂದರೆ, ಬಗ್ಗಿ ರೇಡಿಯೋ ಜೋರು ಮಾಡುತ್ತಾಳೆ. ಕಡಿಮೆ ಮಾಡು ಎಂದು ನಾನು ಇನ್ನೂ ಬೈದಿಲ್ಲ.